ದೊಡ್ಡ ಬೋರಿನ ರಿವಾಲ್ವರ್: ಸಿಂಗಲ್ ಆಕ್ಷನ್ ತಗೊಳ್ಳೋದಾ, ಡಬಲ್ ಆಕ್ಷನ್ನಾ?

ಅಮೆರಿಕದ ಬಂದೂಕಿನ ಅಂಗಡಿಯಲ್ಲಿ ".44 ಮ್ಯಾಗ್ನಂ ರಿವಾಲ್ವರ್ ತೋರಿಸಿ" ಅಂದರೆ ಮಾರುವವನು ಸಾಮಾನ್ಯವಾಗಿ ಎರಡು ಥರದ್ದು ತೆಗೆದು ಇಡುತ್ತಾನೆ. ಒಂದು ಹಳೇ ಕೌಬಾಯ್ ಕಾಲದ್ದು ಅನ್ನಿಸುತ್ತದೆ. ಹಿಡಿ ಕೆಳಗೆ ಬಾಗಿರುತ್ತದೆ, ಹ್ಯಾಮರ್ (ತೋಟಾಕ್ಕೆ ಪೆಟ್ಟು ಕೊಡುವ ಹಿಂದಿನ ಸುತ್ತಿಗೆ) ಮೇಲಕ್ಕೆ ಚಾಚಿರುತ್ತದೆ, ತೋಟಾ ತುಂಬಲು ಬಲಗಡೆ ಒಂದು ಪುಟ್ಟ ಬಾಗಿಲು ಇರುತ್ತದೆ. ಇನ್ನೊಂದು ಪೊಲೀಸರ ರಿವಾಲ್ವರ್ ತರಹದ್ದೇ, ಆದರೆ ಮೈ ಬೆಳೆದದ್ದು. ಅದರ ಸಿಲಿಂಡರ್, ಅಂದರೆ ತೋಟಾಗಳು ಕೂರುವ ಉರುಳೆ, ಪೂರ್ತಿಯಾಗಿ ಎಡಗಡೆಗೆ ಹೊರಗೆ ಬರುತ್ತದೆ. ಮೊದಲನೆಯದು ಸಿಂಗಲ್ ಆಕ್ಷನ್, ಎರಡನೆಯದು ಡಬಲ್ ಆಕ್ಷನ್. ಎರಡೂ ಹಾರಿಸುವುದು ಅದೇ ತೋಟಾ.

ಇಲ್ಲಿ ಹೆಚ್ಚಿನವರು ಯಾವುದಕ್ಕೆ ಶಕ್ತಿ ಜಾಸ್ತಿ ಅಂತ ಕೇಳುತ್ತಾರೆ. ಆ ಪ್ರಶ್ನೆಯಿಂದ ಏನೂ ಉಪಯೋಗವಿಲ್ಲ. ಶಕ್ತಿ ತೋಟಾದಲ್ಲಿರುತ್ತದೆ, ಆಕ್ಷನ್ನಿನಲ್ಲಲ್ಲ. ಮೊದಲ ಗುಂಡಿಗೂ ದೊಡ್ಡ ವ್ಯತ್ಯಾಸ ಇಲ್ಲ, ಯಾಕೆಂದರೆ ಡಬಲ್ ಆಕ್ಷನ್ ಇರುವವರೂ ನಿಧಾನವಾಗಿ ಗುರಿ ಹಿಡಿಯುವಾಗ ಹ್ಯಾಮರ್ ಎಳೆದೇ ಹೊಡೆಯುತ್ತಾರೆ. ದಾರಿ ಬೇರೆಯಾಗುವುದು ಎರಡನೇ ಗುಂಡಿನಲ್ಲಿ. ಅದು ನಿಮಗೆ ಬೇಕಾ? ಎಷ್ಟು ಬೇಗ ಬೇಕು? ಆ ಹೊತ್ತಿಗೆ ನಿಮ್ಮ ಹೆಬ್ಬೆರಳು, ತೋರುಬೆರಳು ಎಲ್ಲಿರುತ್ತವೆ? ಇಷ್ಟು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಬೋರು ಅಂದರೆ ನಳಿಗೆಯ ಒಳಗಿನ ಅಗಲ. ದೊಡ್ಡ ಬೋರು ಅಂದಾಗ ನಾನು ಹೇಳುತ್ತಿರುವುದು .44 ಮ್ಯಾಗ್ನಂ, .45 ಕೋಲ್ಟ್, .454 ಕಸುಲ್, .480 ರೂಗರ್, .500 ಸ್ಮಿತ್ ಅಂಡ್ ವೆಸನ್ ಇಂಥವನ್ನು. .357 ಒಳ್ಳೆಯ ತೋಟಾ, ಆದರೆ ಅದರ ಲೆಕ್ಕಾಚಾರವೇ ಬೇರೆ.

ಒಳಗೆ ನಡೆಯುವುದು ಏನು

ಸಿಂಗಲ್ ಆಕ್ಷನ್ನಿನಲ್ಲಿ ಟ್ರಿಗರ್‌ಗೆ ಒಂದೇ ಕೆಲಸ, ಎಳೆದಿಟ್ಟ ಹ್ಯಾಮರನ್ನು ಬಿಡುವುದು. ಹ್ಯಾಮರ್ ಎಳೆಯುವ ಕೆಲಸ ಹೆಬ್ಬೆರಳಿನದು. ಪ್ರತಿ ಗುಂಡಿಗೂ ಎಳೆಯಬೇಕು. ಹಾಗೆ ಎಳೆದಾಗಲೇ ಸಿಲಿಂಡರ್ ತಿರುಗಿ ಮುಂದಿನ ತೋಟಾ ನಳಿಗೆಯ ಎದುರಿಗೆ ಬಂದು ನಿಲ್ಲುತ್ತದೆ. ಡಬಲ್ ಆಕ್ಷನ್ನಿನಲ್ಲಿ ಟ್ರಿಗರನ್ನು ಉದ್ದಕ್ಕೆ ಎಳೆದರೆ ಸಿಲಿಂಡರ್ ತಿರುಗುವುದು, ಹ್ಯಾಮರ್ ಏಳುವುದು, ಬೀಳುವುದು ಮೂರೂ ಆಗುತ್ತದೆ. ಬೇಕೆಂದರೆ ಹೆಬ್ಬೆರಳಿನಿಂದ ಎಳೆದೂ ಹೊಡೆಯಬಹುದು.

ಇದಕ್ಕೆ ತೆರಬೇಕಾದ ಬೆಲೆ ಟ್ರಿಗರಿನ ಭಾರ. ಹ್ಯಾಮರ್ ಎಳೆದಿಟ್ಟಾಗ ಟ್ರಿಗರ್ ಸಾಮಾನ್ಯವಾಗಿ 3ರಿಂದ 5 ಪೌಂಡಿಗೆ ಬಿಡುತ್ತದೆ, ಅಂದರೆ ಸುಮಾರು 1.4ರಿಂದ 2.3 ಕೆಜಿ. ಡಬಲ್ ಆಕ್ಷನ್ ಎಳೆತದಲ್ಲಿ ಅದು 10ರಿಂದ 14 ಪೌಂಡಿಗೆ ಹೋಗುತ್ತದೆ. ಬೆರಳು ಅಷ್ಟು ಉದ್ದಕ್ಕೆ, ಅಷ್ಟು ಬಲವಾಗಿ ಎಳೆಯುವಾಗ ನಳಿಗೆಯ ತುದಿ ಅಲುಗಾಡದೆ ಇರಬೇಕು. ಅದು ತಾನಾಗಿ ಬರಲ್ಲ. ತೋಟಾ ಇಲ್ಲದೆ ಟ್ರಿಗರ್ ಎಳೆಯುವ ಖಾಲಿ ಹೊಡೆತದ ಅಭ್ಯಾಸ ತಿಂಗಳುಗಟ್ಟಲೆ ಬೇಕು. ಡಬಲ್ ಆಕ್ಷನ್ ಕೊಂಡು ಆ ಅಭ್ಯಾಸ ಮಾಡದವರ ಕೈಯಲ್ಲಿ ಅದೂ ಒಂದು ದುಬಾರಿ ಸಿಂಗಲ್ ಆಕ್ಷನ್ ಅಷ್ಟೇ.

ಈ ಜಗಳ ಹಳೆಯದು. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನದಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ತನ್ನ ಹೆಬ್ಬೆರಳ ರಿವಾಲ್ವರುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ. ಅಲ್ಲೇ ರಾಬರ್ಟ್ ಆಡಮ್ಸ್ ಎಂಬ ಇಂಗ್ಲಿಷಿನವನ ರಿವಾಲ್ವರೂ ಇತ್ತು. ಅದರಲ್ಲಿ ಟ್ರಿಗರ್ ಎಳೆತ ಒಂದೇ ದಾರಿ, ಹ್ಯಾಮರಿಗೆ ಹೆಬ್ಬೆರಳಿಡಲು ಜಾಗವೇ ಇರಲಿಲ್ಲ. ನಾಲ್ಕೈದು ವರ್ಷಕ್ಕೆ ಬೋಮಾಂಟ್ ಎಂಬ ಸೇನಾಧಿಕಾರಿ ಎರಡೂ ರೀತಿಯಲ್ಲಿ ಹೊಡೆಯಬಹುದಾದ ಹಾಗೆ ಅದನ್ನು ತಿದ್ದಿದ. ಇವತ್ತಿನ ಡಬಲ್ ಆಕ್ಷನ್ ಅಂದರೆ ಅದೇ. ಇಂಗ್ಲಿಷರು ಆಮೇಲೆ .455 ವೆಬ್ಲಿಯವರೆಗೆ ಡಬಲ್ ಆಕ್ಷನ್ ದಾರಿಯನ್ನೇ ಹಿಡಿದರು. ಅಮೆರಿಕದ ಸೈನ್ಯ ಮಾತ್ರ 1873ರಲ್ಲಿ .45 ಕೋಲ್ಟ್ ಸಿಂಗಲ್ ಆಕ್ಷನ್ ತೆಗೆದುಕೊಂಡಿತು. ಅಮೆರಿಕನ್ನರಿಗೆ ಅದರ ಮೇಲಿನ ವ್ಯಾಮೋಹ ಇನ್ನೂ ಇಳಿದಿಲ್ಲ. ಅದೇ ಕೋಲ್ಟ್ ಕಂಪನಿ 1877ರಲ್ಲಿ ಡಬಲ್ ಆಕ್ಷನ್ ಮಾಡಿತು. ಒಳಗಿನ ಸ್ಪ್ರಿಂಗ್‌ಗಳು ಎಷ್ಟು ಸೂಕ್ಷ್ಮ ಅಂದರೆ ರಿಪೇರಿಯವರಿಗೆ ಒಳ್ಳೆ ವ್ಯಾಪಾರ ಆಯಿತು.

ಒದೆತ: ಕೈಯಲ್ಲಿ ಏನಾಗುತ್ತದೆ

ನಮ್ಮ ಕಡೆ ಕೋವಿ ಹಿಡಿದವರು "ಒದೆಯುತ್ತೆ" ಅನ್ನುತ್ತಾರಲ್ವಾ, ಅದು ಹೆಗಲಿನ ಮಾತು. ಇಲ್ಲಿ ಹೆಗಲಿಲ್ಲ, ಎಲ್ಲ ಅಂಗೈ ಮತ್ತು ಮಣಿಕಟ್ಟಿನ ಮೇಲೆ.

ಅಂದಾಜಿಗೆ ಇಷ್ಟು. ಮಾಮೂಲಿ .45 ಕೋಲ್ಟ್ ತೋಟಾದ ಗುಂಡು ಸುಮಾರು 550 ಜೂಲ್ ಶಕ್ತಿಯಲ್ಲಿ ಹೊರಡುತ್ತದೆ. 240 ಗ್ರೇನ್ (ಸುಮಾರು 15.5 ಗ್ರಾಂ) ಗುಂಡಿನ .44 ಮ್ಯಾಗ್ನಂ 1,300 ಜೂಲಿನ ಆಸುಪಾಸು. .454 ಕಸುಲ್ 2,300 ದಾಟುತ್ತದೆ. .500ರ ಗಟ್ಟಿ ತೋಟಾಗಳು 3,000 ಜೂಲಿನ ಮೇಲೆ. ಇದೆಲ್ಲ ಒಂದೂಕಾಲರಿಂದ ಎರಡು ಕೆಜಿ ತೂಕದ ಲೋಹವನ್ನು ಹಿಂದಕ್ಕೆ ತಳ್ಳುತ್ತದೆ.

ಸಿಂಗಲ್ ಆಕ್ಷನ್ನಿನ ಹಳೇ ಹಿಡಿಯನ್ನು ನೇಗಿಲ ಹಿಡಿ ಅನ್ನುತ್ತಾರೆ. ಒದೆತ ಬಂದಾಗ ಅದು ಅಂಗೈಯೊಳಗೆ ಜಾರಿ ಮೇಲಕ್ಕೆ ಉರುಳುತ್ತದೆ. ನಳಿಗೆ ಆಕಾಶ ನೋಡುತ್ತದೆ. ನೋಡುವವರಿಗೆ ಭಯ, ಆದರೆ .45 ಕೋಲ್ಟ್ ಮಟ್ಟಕ್ಕೆ ಕೈಗೆ ಹಿತ. ನೇರ ಪೆಟ್ಟು ಬೀಳಲ್ಲ. ಉರುಳಿದಾಗ ಹ್ಯಾಮರ್ ಸಹಜವಾಗಿ ಹೆಬ್ಬೆರಳಿನ ಹತ್ತಿರಕ್ಕೇ ಬರುತ್ತದೆ, ಎಳೆಯುತ್ತಾ ಕೆಳಗಿಳಿಸುವುದು ಒಂದೇ ಓಟದಲ್ಲಿ ಆಗುತ್ತದೆ.

.44 ಮ್ಯಾಗ್ನಂಗೆ ಬಂದರೆ ಇದೇ ಉರುಳಾಟ ತೊಂದರೆ ಕೊಡುತ್ತದೆ. ರೂಗರ್ ಕಂಪನಿಯ ಸೂಪರ್ ಬ್ಲ್ಯಾಕ್‌ಹಾಕ್ 1959ರಿಂದ ಬರುತ್ತಿರುವ ಗಟ್ಟಿ ಆಸಾಮಿ. ಅದರ ಚೌಕಾಕಾರದ ಟ್ರಿಗರ್ ಗಾರ್ಡ್, ಅಂದರೆ ಟ್ರಿಗರ್ ಸುತ್ತಲಿನ ಬಳೆ, ನೋಡಲು ಚೆಂದ. ಗುಂಡು ಹಾರಿದಾಗ ಆ ಚೌಕದ ಹಿಂಬದಿ ಸೀದಾ ನಡುಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಮೊದಲ ಐದು ಗುಂಡಿಗೆ "ಪರವಾಗಿಲ್ಲ" ಅನ್ನಿಸುತ್ತದೆ. ಇಪ್ಪತ್ತಕ್ಕೆ ಗೆಣ್ಣು ಕೆಂಪಾಗುತ್ತದೆ. ಐವತ್ತಕ್ಕೆ ಚರ್ಮ ಸುಲಿದಿರುತ್ತದೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಹಿಡಿದು, ನಡುಬೆರಳಿಗೂ ಗಾರ್ಡಿಗೂ ನಡುವೆ ಎಷ್ಟು ಸಂದು ಇದೆ ನೋಡಿ. ಸಂದು ಇಲ್ಲದಿದ್ದರೆ ದುಂಡು ಗಾರ್ಡಿನದ್ದು ಕೇಳಿ, ಅಥವಾ ಬಿಸ್ಲಿ ಹಿಡಿಯದ್ದು ನೋಡಿ.

ಬಿಸ್ಲಿ ಹಿಡಿ ಅಂದರೆ ಹಿಂಬದಿ ಹೆಚ್ಚು ನೇರವಾಗಿ ಎತ್ತರಕ್ಕೆ ಬಂದಿರುತ್ತದೆ, ಹ್ಯಾಮರ್ ತಗ್ಗಿನಲ್ಲಿರುತ್ತದೆ. ಉರುಳಾಟ ಕಡಿಮೆ, ಪೆಟ್ಟು ಅಂಗೈಯಲ್ಲಿ ಹರಡಿಕೊಳ್ಳುತ್ತದೆ. ಇಂಗ್ಲೆಂಡಿನ ಬಿಸ್ಲಿ ಎಂಬ ಗುರಿ ಅಭ್ಯಾಸದ ಮೈದಾನದಿಂದ ಬಂದ ಹೆಸರು. 1890ರ ದಶಕದಲ್ಲಿ ಕೋಲ್ಟ್ ಇದನ್ನು ಗುರಿಕಾರರಿಗೆಂದೇ ಮಾಡಿತ್ತು. ರೂಗರಿನ ಇವತ್ತಿನ ಬಿಸ್ಲಿ ಅದರ ಪಡಿಯಚ್ಚಲ್ಲ, ಆದರೆ ಭಾರಿ ತೋಟಾಗಳಿಗೆ ಸಿಂಗಲ್ ಆಕ್ಷನ್ ಬೇಕು ಅನ್ನುವವರಿಗೆ ನನ್ನ ಮೊದಲ ಸಲಹೆ ಅದೇ. ದೊಡ್ಡ ಅಂಗೈಯವರು ಕೆಲವರು ಇದನ್ನು ಬೈಯುವುದೂ ಉಂಟು.

ಡಬಲ್ ಆಕ್ಷನ್ನಿನ ಹಿಡಿ ಉರುಳಲ್ಲ. ಅದರ ಹಿಂಬದಿಯಲ್ಲಿ ಒಂದು ಗೂನು ಇರುತ್ತದೆ, ಅದು ಕೈಯನ್ನು ಒಂದೇ ಜಾಗದಲ್ಲಿ ಹಿಡಿದಿಡುತ್ತದೆ. ಉರುಳಿದರೆ ಟ್ರಿಗರ್ ಬೆರಳು ಮತ್ತೆ ಜಾಗ ಹುಡುಕಬೇಕಾಗುತ್ತಿತ್ತು, ಅದಕ್ಕೇ ಈ ಆಕಾರ. ಪೆಟ್ಟು ಪೂರ್ತಿ ಹೆಬ್ಬೆರಳಿನ ಬುಡಕ್ಕೆ ಬೀಳುತ್ತದೆ. ಆದ್ದರಿಂದಲೇ ಈಗ ಬರುವ ಹೆಚ್ಚಿನ ದೊಡ್ಡ ಡಬಲ್ ಆಕ್ಷನ್‌ಗಳಿಗೆ ಮೆತ್ತನೆಯ ರಬ್ಬರ್ ಹಿಡಿ. ಮರದ ಹಿಡಿಯ ಹೊಳಪು ನೋಡಿ ಮರುಳಾಗಬೇಡಿ. ಬೇಕಾದರೆ ಮನೆಯಲ್ಲಿ ಫೋಟೋ ತೆಗೆಯುವಾಗ ಹಾಕಿಕೊಳ್ಳಿ.

ಹಗುರವಾದದ್ದು ಒಳ್ಳೆಯದು ಅಂತಲೂ ಅಂದುಕೊಳ್ಳಬೇಡಿ. ಸ್ಮಿತ್ ಅಂಡ್ ವೆಸನ್‌ನ 329 ಪಿಡಿ ಎಂಬ, ಸ್ಕ್ಯಾಂಡಿಯಂ ಬೆರೆಸಿದ ಹಗುರ ಲೋಹದ .44 ಸುಮಾರು 700 ಗ್ರಾಂ ತೂಗುತ್ತದೆ. ಸೊಂಟದಲ್ಲಿ ಇದ್ದದ್ದೇ ಗೊತ್ತಾಗಲ್ಲ. ಹೊಡೆದಾಗ ಗೊತ್ತಾಗುತ್ತದೆ. ಇಂಥ ಹಗುರ ರಿವಾಲ್ವರುಗಳಲ್ಲಿ ಇನ್ನೊಂದು ಕಾಟ ಇದೆ. ಒದೆತದ ಜೋರಿಗೆ ಇನ್ನೂ ಹಾರದ ತೋಟಾಗಳ ಗುಂಡು ತೋಟಾದ ಬಾಯಿಯ ಬಿಗಿತದಿಂದ ಸಡಿಲಾಗಿ ಮುಂದಕ್ಕೆ ಸರಿಯುತ್ತದೆ. ಸಿಲಿಂಡರಿನ ಮುಂಬದಿಯಿಂದ ಹೊರಗೆ ಇಣುಕಿದರೆ ಸಿಲಿಂಡರ್ ತಿರುಗುವುದೇ ನಿಲ್ಲುತ್ತದೆ. ಇದು ಎರಡೂ ಆಕ್ಷನ್ನಿಗೂ ಬರುತ್ತದೆ. ಪರೀಕ್ಷೆ ಸುಲಭ: ಸಿಲಿಂಡರ್ ತುಂಬಿ, ಒಂದನ್ನು ಬಿಟ್ಟು ಉಳಿದದ್ದು ಹೊಡೆಯಿರಿ. ಉಳಿದ ಆ ತೋಟಾದ ಉದ್ದ ಮೊದಲೂ ಆಮೇಲೂ ಅಳೆದು ನೋಡಿ.

ಗೊತ್ತಿಲ್ಲದೆ ಹಾರುವ ಎರಡನೇ ಗುಂಡು

ಇದು ಅಂಗಡಿಯವರು ಹೇಳದ ವಿಷಯ. .500ರಂಥ ರಿವಾಲ್ವರನ್ನು ಹೊಸಬರ ಕೈಗೆ ಕೊಟ್ಟು, ಡಬಲ್ ಆಕ್ಷನ್ ಎಳೆತದಲ್ಲೋ ಹ್ಯಾಮರ್ ಎಳೆದೋ ಹೊಡೆಯಲು ಹೇಳುತ್ತಾರೆ. ಗುಂಡು ಹಾರುತ್ತದೆ, ನಳಿಗೆ ತಲೆಯ ಮೇಲಕ್ಕೆ ಏಳುತ್ತದೆ. ಬೀಳದಿರಲಿ ಅಂತ ಕೈ ತಾನಾಗಿಯೇ ಬಿಗಿಯುತ್ತದೆ. ಐದೂ ಬೆರಳು ಬಿಗಿಯುವಾಗ ತೋರುಬೆರಳೂ ಬಿಗಿಯುತ್ತದೆ, ಅದು ಟ್ರಿಗರಿನ ಮೇಲಿರುತ್ತದೆ. ಎರಡನೇ ಗುಂಡು ಹಾರುವಾಗ ನಳಿಗೆ ಎಲ್ಲಿ ನೋಡುತ್ತಿರುತ್ತದೆ ಅನ್ನುವುದು ದೇವರಿಗೇ ಗೊತ್ತು. ಇದರಿಂದ ಜೀವ ಹೋದದ್ದೂ ಇದೆ.

ಸಿಂಗಲ್ ಆಕ್ಷನ್ನಿನಲ್ಲಿ ಇದು ಆಗಲು ಸಾಧ್ಯವೇ ಇಲ್ಲ. ಹ್ಯಾಮರ್ ಮತ್ತೆ ಎಳೆಯದೆ ಟ್ರಿಗರ್ ಎಷ್ಟು ಹಿಂಡಿದರೂ ಏನೂ ಆಗಲ್ಲ. ಮ್ಯಾಗ್ನಂ ರಿಸರ್ಚ್ ಕಂಪನಿಯ ಬಿಎಫ್‌ಆರ್ ಸಿಂಗಲ್ ಆಕ್ಷನ್, .500 ಮಾತ್ರವಲ್ಲ, .45-70 ರೈಫಲ್ ತೋಟಾದಲ್ಲೂ ಸಿಗುತ್ತದೆ. ಅಷ್ಟು ದೊಡ್ಡ ತೋಟಾ ಬೇಕೇ ಬೇಕು ಅನ್ನುವವರಿಗೆ ನಾನು ಸಿಂಗಲ್ ಆಕ್ಷನ್ ಅನ್ನುವುದು ಈ ಒಂದು ಕಾರಣಕ್ಕೆ. ಡಬಲ್ ಆಕ್ಷನ್ನೇ ಇದ್ದರೆ ಹೊಸಬರಿಗೆ ಮೊದಲ ಕೆಲವು ಸಲ ಒಂದೇ ತೋಟಾ ತುಂಬಿ ಕೊಡಿ. ಒಂದೇ ಒಂದು.

ಹಾಗೇ ಇನ್ನೊಂದು. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿನಿಂದ ಪಕ್ಕಕ್ಕೆ ಬೆಂಕಿ, ಬಿಸಿ ಗಾಳಿ ಚಿಮ್ಮುತ್ತದೆ. ದೊಡ್ಡ ತೋಟಾಗಳಲ್ಲಿ ಆ ಜಾಗದಲ್ಲಿ ಬೆರಳಿಟ್ಟರೆ ಬೆರಳೇ ಹೋಗಬಹುದು. ಪಿಸ್ತೂಲು ಹಿಡಿಯುವ ಅಭ್ಯಾಸದಲ್ಲಿ ಎಡಗೈ ಹೆಬ್ಬೆರಳು ಮುಂದಕ್ಕೆ ಚಾಚುವವರು ಎರಡೂ ಹೆಬ್ಬೆರಳು ಸಿಲಿಂಡರಿನ ಹಿಂದೆಯೇ ಇಟ್ಟುಕೊಳ್ಳಬೇಕು. ಕಿವಿಗೆ ಪ್ಲಗ್ ಹಾಕಿ, ಮೇಲಿಂದ ಕಿವಿ ಮುಚ್ಚುವ ಮಫ್ಸೂ ಹಾಕಿ.

ಕರಡಿಯ ಮಾತು

ಇಷ್ಟೆಲ್ಲ ಆದಮೇಲೆ ಡಬಲ್ ಆಕ್ಷನ್ ಯಾಕೆ ಬೇಕು? ಅಲಾಸ್ಕಾದಲ್ಲಿ ಮೀನು ಹಿಡಿಯಲು ಹೋದವರನ್ನು ಕೇಳಿ. ಹೊಳೆಯ ಪೊದೆ ಸಂದಿನಿಂದ ಕಂದು ಕರಡಿ ನುಗ್ಗಿದರೆ ಸಮಯ ಇರುವುದು ಸೆಕೆಂಡುಗಳ ಲೆಕ್ಕದಲ್ಲಿ. ಒಂದು ಕೈಯಲ್ಲಿ ಗಾಳದ ಕೋಲು ಇರಬಹುದು. ಕೈ ಒದ್ದೆಯಾಗಿ ಮರಗಟ್ಟಿರಬಹುದು. ಕೆಳಗೆ ಬಿದ್ದು, ಕರಡಿ ಒಂದು ತೋಳು ಹಿಡಿದಿರಬಹುದು. ಆಗ ಹೆಬ್ಬೆರಳಿನಿಂದ ಹ್ಯಾಮರ್ ಎಳೆಯುವುದು ಆಗದ ಮಾತು. ಟ್ರಿಗರ್ ಎಳೆಯಲು ಒಂದು ಬೆರಳು ಸಾಕು.

ರೂಗರಿನ ಸೂಪರ್ ರೆಡ್‌ಹಾಕ್ ಅಲಾಸ್ಕನ್ ಇದಕ್ಕೆಂದೇ ಹುಟ್ಟಿದ್ದು. ಎರಡೂವರೆ ಇಂಚಿನ ನಳಿಗೆ, ಸುಮಾರು ಒಂದೂಕಾಲು ಕೆಜಿ. ದೂರದ ಗುರಿಗೆ ಅದು ಹೇಳಿದ್ದಲ್ಲ. ಸ್ಮಿತ್ ಅಂಡ್ ವೆಸನ್ 629 ನಾಲ್ಕು ಇಂಚಿನ ನಳಿಗೆಯದ್ದೂ ಈ ಕೆಲಸಕ್ಕೆ ಹಳೇ ನಂಬಿಕಸ್ಥ. ಈ ಕೆಲಸಕ್ಕೆ ಕೊಳ್ಳುವುದಾದರೆ ಡಬಲ್ ಆಕ್ಷನ್ ಬಿಟ್ಟು ಬೇರೆ ಯೋಚನೆಯೇ ಬೇಡ. ಸಿಂಗಲ್ ಆಕ್ಷನ್ನಿನಲ್ಲೇ ಜೀವಮಾನ ಕಳೆದ ಹಳಬರು ಇದನ್ನು ಒಪ್ಪಲ್ಲ. ಅವರು ಹೆಬ್ಬೆರಳಿನಲ್ಲೂ ಅಷ್ಟೇ ಬೇಗ ಹೊಡೆಯಬಲ್ಲರು, ಅದು ನಿಜ. ಆದರೆ ಅವರು ಈ ಮಾರ್ಗದರ್ಶಿ ಓದುತ್ತಿಲ್ಲ.

ಹಾಗಂತ ಕರಡಿಗೆ ರಿವಾಲ್ವರೇ ಮೊದಲ ಉತ್ತರ ಅಂತಲೂ ಅಲ್ಲ. ಅಲಾಸ್ಕಾದ ಘಟನೆಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಂದು ಕರಡಿಯ ಮೇಲೆ ಖಾರದ ಸ್ಪ್ರೇ ಬಳಸಿದ ಸಂದರ್ಭಗಳಲ್ಲಿ ಶೇ. 92ರಷ್ಟು ಸಲ ಅದು ಕರಡಿಯ ವರ್ತನೆಯನ್ನು ನಿಲ್ಲಿಸಿತ್ತು. ಸಿಯಾಟಲ್ಲಿನಿಂದ ರಜೆಗೆ ಟ್ರೆಕ್ಕಿಂಗ್ ಹೋಗುವವರಿಗೆ ಸ್ಪ್ರೇ ಡಬ್ಬ ಸಾಕು. ಅದಕ್ಕೆ ಒದೆತವೂ ಇಲ್ಲ, ಅದರ ಹಿಂದೆ ಯಾವ ಕಾಗದಪತ್ರವೂ ಇಲ್ಲ.

ಜಿಂಕೆ, ಕಾಡುಹಂದಿ ಬೇಟೆಗೆ ಚಿತ್ರ ಪೂರ್ತಿ ಉಲ್ಟಾ. ಅಲ್ಲಿ ಎಲ್ಲ ನಿಂತಿರುವುದು ಮೊದಲ ಗುಂಡಿನ ಮೇಲೆ. ಮಂಚಿಕೆಯ ಮೇಲೋ ಮರದ ಬುಡದಲ್ಲೋ ಕೂತಿರುತ್ತೀರಿ, ಪ್ರಾಣಿ ಪಕ್ಕಕ್ಕೆ ತಿರುಗುವ ತನಕ ಕಾಯುತ್ತೀರಿ, ಹ್ಯಾಮರ್ ಸದ್ದಿಲ್ಲದೆ ಎಳೆಯುತ್ತೀರಿ. ಏಳೂವರೆ ಇಂಚಿನ ನಳಿಗೆಯ ಸಿಂಗಲ್ ಆಕ್ಷನ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ವಯೋಮಿಂಗ್‌ನ ಫ್ರೀಡಂ ಎಂಬ ಪುಟ್ಟ ಊರಿನಲ್ಲಿ ಫ್ರೀಡಂ ಆರ್ಮ್ಸ್ ಕಂಪನಿ 1983ರಿಂದ ಮಾಡುತ್ತಿರುವ .454 ಕಸುಲ್ ಸಿಂಗಲ್ ಆಕ್ಷನ್ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಐದೇ ತೋಟಾ ಹಿಡಿಸುತ್ತದೆ, ಸಿಲಿಂಡರ್ ಅಲ್ಲಾಡಿಸಿದರೆ ಅಲ್ಲಾಡಲ್ಲ. ಬೆಲೆ ಮಾತ್ರ ಸೂಪರ್ ಬ್ಲ್ಯಾಕ್‌ಹಾಕಿನ ಎರಡು ಮೂರು ಪಟ್ಟು.

ತುಂಬುವುದು, ತೆಗೆಯುವುದು

ಸಿಂಗಲ್ ಆಕ್ಷನ್ನಿನಲ್ಲಿ ಪಕ್ಕದ ಬಾಗಿಲು ತೆಗೆದು ಒಂದೊಂದೇ ತೋಟಾ ಹಾಕಬೇಕು. ಹಾರಿದ ಖಾಲಿ ತೋಟಾವನ್ನೂ ಕೆಳಗಿನ ಕಡ್ಡಿ ಒತ್ತಿ ಒಂದೊಂದೇ ತಳ್ಳಬೇಕು. ಅವಸರ ಇರುವವರಿಗೆ ಇದು ಶಿಕ್ಷೆ. ಡಬಲ್ ಆಕ್ಷನ್ನಿನಲ್ಲಿ ಸಿಲಿಂಡರ್ ಹೊರಗೆ ತಳ್ಳಿ, ಕಡ್ಡಿಯನ್ನು ಒಮ್ಮೆ ಒತ್ತಿದರೆ ಎಲ್ಲ ಖಾಲಿಯೂ ಉದುರುತ್ತದೆ. ತೋಟಾಗಳನ್ನೆಲ್ಲ ಒಟ್ಟಿಗೆ ಹಿಡಿದಿಡುವ ಸ್ಪೀಡ್ ಲೋಡರ್ ಇದ್ದರೆ ತುಂಬುವುದೂ ಒಂದೇ ಸಲಕ್ಕೆ.

ಆದರೆ ಒಂದೇ ಸಲಕ್ಕೆ ಎತ್ತುವ ಆ ನಕ್ಷತ್ರದಾಕಾರದ ತುಂಡೇ ಡಬಲ್ ಆಕ್ಷನ್ನಿನ ಸೂಕ್ಷ್ಮ ಜಾಗ. ಸುಡದೆ ಉಳಿದ ಮದ್ದಿನ ಒಂದೆರಡು ಕಾಳು ಅದರ ಅಡಿಗೆ ಸಿಕ್ಕಿದರೆ ಸಿಲಿಂಡರ್ ಮುಚ್ಚಲ್ಲ, ಮುಚ್ಚಿದರೂ ಬಿಗಿಯಾಗಿ ತಿರುಗುತ್ತದೆ. ಖಾಲಿ ತೋಟಾ ತೆಗೆಯುವಾಗ ನಳಿಗೆ ಆಕಾಶಕ್ಕೆ ಮಾಡಿ ಜೋರಾಗಿ ಒತ್ತುವುದು ರೂಢಿಯಾಗಲಿ, ಕಸ ಕೆಳಗೆ ಬಿದ್ದುಹೋಗುತ್ತದೆ. ಸಿಂಗಲ್ ಆಕ್ಷನ್ನಿನಲ್ಲಿ ಆ ತುಂಡೇ ಇಲ್ಲ, ಕೆಸರಿಗೂ ದೂಳಿಗೂ ಅದು ಕೇರ್ ಮಾಡಲ್ಲ. ಅದರ ಕಾಟ ಬೇರೆ. ಸಿಲಿಂಡರ್ ಹಿಡಿದಿರುವ ನಡುಗೂಟ ಭಾರಿ ಒದೆತಕ್ಕೆ ಮುಂದೆ ಸರಿಯುತ್ತದೆ, ಸ್ಕ್ರೂಗಳು ಸಡಿಲಾಗುತ್ತವೆ. ರೇಂಜಿನಿಂದ ಬಂದ ಮೇಲೆ ಸ್ಕ್ರೂಡ್ರೈವರ್ ಹಿಡಿದು ಒಂದು ಸುತ್ತು ನೋಡಿದರೆ ಸಾಕು.

ಎಡಚರಿಗೆ ಒಂದು ಸಂತೋಷದ ಸುದ್ದಿ. ಸಿಂಗಲ್ ಆಕ್ಷನ್ನಿನ ಬಾಗಿಲು ಬಲಗಡೆ ಇರುವುದರಿಂದ, ರಿವಾಲ್ವರನ್ನು ಎಡಗೈಯಲ್ಲೇ ಹಿಡಿದು ಬಲಗೈಯಲ್ಲಿ ತುಂಬಬಹುದು. ಬಲಚರೇ ಕೈ ಬದಲಿಸಬೇಕು. ಡಬಲ್ ಆಕ್ಷನ್ನಿನಲ್ಲಿ ಸಿಲಿಂಡರ್ ಬಿಡಿಸುವ ಗುಂಡಿ ಎಡಗಡೆ ಇರುತ್ತದೆ, ಬಲಗೈ ಹೆಬ್ಬೆರಳಿಗೆ ಅಂತಲೇ ಇಟ್ಟದ್ದು. ಸ್ಮಿತ್ ಅಂಡ್ ವೆಸನ್‌ನಲ್ಲಿ ಮುಂದಕ್ಕೆ ತಳ್ಳಬೇಕು, ಕೋಲ್ಟಿನಲ್ಲಿ ಹಿಂದಕ್ಕೆ ಎಳೆಯಬೇಕು, ರೂಗರಿನಲ್ಲಿ ಒಳಕ್ಕೆ ಒತ್ತಬೇಕು. ಎಡಚರಿಗೆ ಮೂರೂ ಕಸರತ್ತೇ.

ಹಳೇ ಸಿಂಗಲ್ ಆಕ್ಷನ್: ಆರಕ್ಕೆ ಐದೇ

1873ರ ಮಾದರಿಯ ಕೋಲ್ಟ್‌ನಲ್ಲೂ, ಇಟಲಿಯ ಊಬರ್ಟಿ, ಪಿಯೆಟ್ಟಾ ಮಾಡುವ ಅದರ ಹಲವು ನಕಲುಗಳಲ್ಲೂ ಹ್ಯಾಮರಿನ ಮುಳ್ಳು ನೇರವಾಗಿ ತೋಟಾದ ಪ್ರೈಮರಿಗೆ (ಪೆಟ್ಟು ಬಿದ್ದರೆ ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ) ತಾಗಿಕೊಂಡೇ ಇರುತ್ತದೆ. ಕೆಳಗೆ ಬಿದ್ದು ಹ್ಯಾಮರಿಗೆ ಪೆಟ್ಟಾದರೆ ಗುಂಡು ಹಾರುತ್ತದೆ. ಅದಕ್ಕೇ ಆರು ಕೋಣೆಯಿದ್ದರೂ ಐದೇ ತುಂಬಿ, ಹ್ಯಾಮರ್ ಖಾಲಿ ಕೋಣೆಯ ಮೇಲೆ ಇಳಿಸಿಡುವುದು. ತುಂಬುವ ಕ್ರಮ ಹೀಗೆ: ಒಂದು ಹಾಕಿ, ಒಂದು ಬಿಡಿ, ನಾಲ್ಕು ಹಾಕಿ, ಹ್ಯಾಮರ್ ಪೂರ್ತಿ ಎಳೆದು ನಿಧಾನವಾಗಿ ಇಳಿಸಿ. ಖಾಲಿ ಕೋಣೆ ತಾನಾಗಿ ಹ್ಯಾಮರಿನ ಕೆಳಗೆ ಬಂದಿರುತ್ತದೆ.

ರೂಗರ್ 1973ರಲ್ಲಿ ಇದನ್ನು ಸರಿ ಮಾಡಿತು. ಹ್ಯಾಮರ್ ಮತ್ತು ಮುಳ್ಳಿನ ನಡುವೆ ಒಂದು ಉಕ್ಕಿನ ಪಟ್ಟಿ. ಟ್ರಿಗರ್ ಎಳೆದಿದ್ದರೆ ಮಾತ್ರ ಅದು ಮೇಲೆ ಬಂದು ಹ್ಯಾಮರಿನ ಪೆಟ್ಟನ್ನು ಮುಳ್ಳಿಗೆ ದಾಟಿಸುತ್ತದೆ. ಟ್ರಿಗರ್ ಬಿಟ್ಟರೆ ಪಟ್ಟಿ ಕೆಳಗೆ, ಹ್ಯಾಮರ್ ಎಷ್ಟು ಬಡಿದರೂ ಫ್ರೇಮಿಗೆ. ಆರೂ ತುಂಬಬಹುದು. ಅದಕ್ಕಿಂತ ಹಳೆಯ ರೂಗರ್ ಸಿಕ್ಕರೆ ಕಂಪನಿ ಈ ಪಟ್ಟಿಯನ್ನು ಉಚಿತವಾಗಿ ಹಾಕಿಕೊಡುತ್ತದೆ. ಹೊಸ ಡಬಲ್ ಆಕ್ಷನ್‌ಗಳಲ್ಲಿ ಈ ತಾಪತ್ರಯ ಇಲ್ಲ.

.45 ಕೋಲ್ಟಿನ ಬಲೆ

ತೋಟಾದ ಡಬ್ಬಿಯ ಮೇಲೆ .45 ಕೋಲ್ಟ್ ಅಂತ ಬರೆದಿದೆ, ರಿವಾಲ್ವರಿನ ನಳಿಗೆಯ ಮೇಲೂ ಅದೇ ಬರೆದಿದೆ. ಹಾಗಾದರೆ ಹಾಕಬಹುದಲ್ವಾ? ಅಲ್ಲ. ಈ ತೋಟಾಕ್ಕೆ ನಿಗದಿಯಾದ ಒತ್ತಡದ ಮಿತಿ, ಚದರ ಇಂಚಿಗೆ ಪೌಂಡಿನ ಲೆಕ್ಕದಲ್ಲಿ, 14,000 ಪಿಎಸ್‌ಐ. .44 ಮ್ಯಾಗ್ನಂಗೆ 36,000. ಸೂಪರ್ ಬ್ಲ್ಯಾಕ್‌ಹಾಕಿನಂಥ ಗಟ್ಟಿ ಫ್ರೇಮಿನ .45ಗಳಿಗೆ ಅಂತ ಕೆಲವು ಕಂಪನಿಗಳು ಮಿತಿ ಮೀರಿದ ಭಾರಿ ತೋಟಾ ಮಾಡುತ್ತವೆ, ಡಬ್ಬಿಯ ಮೇಲೆ ಯಾವುದರಲ್ಲಿ ಬಳಸಬಹುದು ಅಂತ ಬರೆದಿರುತ್ತವೆ. ಅದನ್ನು ಓದದೆ ಕೋಲ್ಟಿನ ನಕಲಿಗೆ ಹಾಕಿದರೆ ಸಿಲಿಂಡರ್ ಸಿಡಿಯಬಹುದು. .454 ಕಸುಲ್ ರಿವಾಲ್ವರ್ ಕೊಂಡರೆ ಅದರಲ್ಲಿ .45 ಕೋಲ್ಟ್ ಹಾಕಿ ಹೊಡೆಯಬಹುದು, ಅಭ್ಯಾಸಕ್ಕೆ ಇದು ದೊಡ್ಡ ಅನುಕೂಲ. ಆದರೆ ಆಮೇಲೆ ಕೋಣೆಗಳನ್ನು ಚೆನ್ನಾಗಿ ಉಜ್ಜಿ ತೊಳೆಯಿರಿ. ಗಿಡ್ಡ ತೋಟಾದ ಮಸಿ ಸುತ್ತಲೂ ಉಂಗುರ ಕಟ್ಟಿದರೆ ಉದ್ದದ ಕಸುಲ್ ತೋಟಾ ಪೂರ್ತಿ ಒಳಗೆ ಕೂರಲ್ಲ.

.44ರಲ್ಲೂ ಇದೇ ಉಪಾಯ ಉಂಟು: .44 ಸ್ಪೆಷಲ್ ಹಾಕಿ ಅಭ್ಯಾಸ ಮಾಡಿ. ಎಲ್ಮರ್ ಕೀತ್ ಎಂಬ ಇಡಾಹೋದ ಬೇಟೆಗಾರ .44 ಸ್ಪೆಷಲ್ಲಿಗೆ ಜಾಸ್ತಿ ಮದ್ದು ತುಂಬುತ್ತಾ, ಹೀಗೊಂದು ತೋಟಾ ಮಾಡಿ ಅಂತ ಕಂಪನಿಗಳ ಬೆನ್ನು ಬಿದ್ದಿದ್ದಕ್ಕೆ .44 ಮ್ಯಾಗ್ನಂ ಹುಟ್ಟಿದ್ದು. ಆ ತೋಟಾಕ್ಕೆ ಮೊಟ್ಟಮೊದಲು ಬಂದ ರಿವಾಲ್ವರ್ ಡಬಲ್ ಆಕ್ಷನ್, ಸ್ಮಿತ್ ಅಂಡ್ ವೆಸನ್‌ನದು. ಆಮೇಲೆ ಮಾಡೆಲ್ 29 ಅನ್ನಿಸಿಕೊಂಡಿತು. ಭಾರಿ ತೋಟಾಗಳನ್ನು ಸಾವಿರಗಟ್ಟಲೆ ಹೊಡೆಯುವ ಲೋಹದ ಗುರಿಯ ಸ್ಪರ್ಧಿಗಳ ಕೈಯಲ್ಲಿ ಹಳೇ 29ಗಳು ಸಡಿಲಾಗುತ್ತಿದ್ದವು. 1980ರ ದಶಕದ ಕೊನೆಗೆ ಕಂಪನಿ ಒಳಗಿನ ಬೀಗಗಳನ್ನು ಬಲಪಡಿಸಿತು. ಸೆಕೆಂಡ್ ಹ್ಯಾಂಡ್ 29 ನೋಡುವವರು ಇದನ್ನು ನೆನಪಿಟ್ಟುಕೊಳ್ಳಿ.

ವೀಸಾ, ರಾಜ್ಯ, ಊರು

ಇಲ್ಲಿರುವ ಕನ್ನಡಿಗರು ಇದನ್ನು ಮೊದಲು ಓದಬೇಕಿತ್ತು. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕಾಗಲಿ ತೋಟಾವಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿಗೆ ವಿರುದ್ಧ. ರೇಂಜಿನಲ್ಲಿ ಗೆಳೆಯನದ್ದು ಇಸಕೊಂಡು ಹೊಡೆಯುವುದೂ ಇದರಲ್ಲಿ ಬರುತ್ತದೆ. ಒಂದು ಮುಖ್ಯ ವಿನಾಯಿತಿ ಅಂದರೆ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ನಿಮ್ಮ ಹತ್ತಿರ ಇರುವುದು. ಇದರಲ್ಲೊಂದು ತಮಾಷೆ ಇದೆ. ಟೆಕ್ಸಾಸಿನಲ್ಲಿ ಜಮೀನಿನವರ ಒಪ್ಪಿಗೆ ಇದ್ದರೆ ಕಾಡುಹಂದಿ ಹೊಡೆಯಲು 2019ರಿಂದ ಬೇಟೆ ಲೈಸೆನ್ಸ್ ಬೇಡ. ಆದರೆ ವೀಸಾದವರಿಗೆ ಆ ಲೈಸೆನ್ಸ್ ಇಲ್ಲದೆ ಬಂದೂಕು ಮುಟ್ಟುವ ಹಾಗಿಲ್ಲ. ಹಂದಿಗೆ ಬೇಡವಾದ ಕಾಗದ ನಿಮಗೆ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಇಮಿಗ್ರೇಷನ್ ಕೆಡಿಸಿಕೊಳ್ಳುವ ವಿಷಯ ಇದು, ಅನುಮಾನ ಇದ್ದರೆ ವಕೀಲರಿಗೆ ದುಡ್ಡು ಕೊಟ್ಟು ಕೇಳಿ.

ಕ್ಯಾಲಿಫೋರ್ನಿಯಾದವರಿಗೆ ಆಯ್ಕೆಯನ್ನು ಅರ್ಧ ಕಾನೂನೇ ಮಾಡಿಬಿಡುತ್ತದೆ. ಅಂಗಡಿಯವರು ಹೊಸ ಕೈಬಂದೂಕು ಮಾರಬೇಕಾದರೆ ರಾಜ್ಯದ ಪಟ್ಟಿಯಲ್ಲಿ ಆ ಮಾಡೆಲ್ ಇರಬೇಕು. ಮೂರು ಇಂಚಿಗೆ ಕಡಿಮೆಯಿಲ್ಲದ ನಳಿಗೆ, ಒಟ್ಟು ಏಳೂವರೆ ಇಂಚಿನ ಉದ್ದ, ಕನಿಷ್ಠ ಐದು ತೋಟಾ ಹಿಡಿಸುವ ಸಿಂಗಲ್ ಆಕ್ಷನ್ ರಿವಾಲ್ವರಿಗೆ ಈ ಪಟ್ಟಿಯಿಂದ ವಿನಾಯಿತಿ ಇದೆ. ಡಬಲ್ ಆಕ್ಷನ್ನಿಗೆ ಇಲ್ಲ. ಇಷ್ಟಪಟ್ಟ ಡಬಲ್ ಆಕ್ಷನ್ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ, ಆಮೇಲೆ ಕನಸು ಕಾಣಿ.

ಭಾರತದಲ್ಲಿ ಈ ಪ್ರಶ್ನೆಯೇ ಹೆಚ್ಚುಕಡಿಮೆ ಏಳಲ್ಲ. ಲೈಸೆನ್ಸ್ ಇರುವವರ ಹತ್ತಿರ ಸಾಮಾನ್ಯವಾಗಿ ಕಾಣುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್, ಅದು ಡಬಲ್ ಆಕ್ಷನ್. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಬೇಟೆಯ ಮಾತೂ ಇಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ಉದ್ದ ಕೋವಿಗಳದ್ದು, ಕೈಯಲ್ಲಿ ಹಿಡಿಯುವ ರಿವಾಲ್ವರಿನದ್ದಲ್ಲ.

ಯಾರಿಗೆ ಯಾವುದು

ಒಂದೇ ಒಂದು ದೊಡ್ಡ ರಿವಾಲ್ವರ್ ಕೊಳ್ಳುತ್ತೀರಿ, ಮುಖ್ಯವಾಗಿ ರೇಂಜಿನಲ್ಲಿ ಹೊಡೆಯುತ್ತೀರಿ, ವರ್ಷಕ್ಕೊಮ್ಮೆ ಗೆಳೆಯರ ಜೊತೆ ಬೇಟೆಗೆ ಹೋಗಬಹುದು ಅನ್ನುವವರಾದರೆ ನನ್ನ ಕೈ ಸಿಂಗಲ್ ಆಕ್ಷನ್ .44 ಕಡೆಗೇ ಹೋಗುತ್ತದೆ. ದುಡ್ಡು ಕಡಿಮೆ, ಕೆಡುವ ಭಾಗ ಕಡಿಮೆ, ಟ್ರಿಗರ್ ಒಳ್ಳೆಯದು, ನಿಧಾನ ಕಲಿಸುತ್ತದೆ. ಕೌಬಾಯ್ ಸ್ಪರ್ಧೆಗಳ ಹುಚ್ಚು ಇದ್ದರಂತೂ ಬೇರೆ ದಾರಿಯೇ ಇಲ್ಲ, ಅಲ್ಲಿ ಸಿಂಗಲ್ ಆಕ್ಷನ್ನೇ ನಿಯಮ, ಅದೂ ಒಂದಲ್ಲ ಎರಡು. ಆದರೆ ಅಲ್ಲಿ ಮ್ಯಾಗ್ನಂ ಬೇಡ, ಮೆತ್ತಗಿನ .45 ಅಥವಾ .38 ಸಾಕು.

ಕಾಡಿನಲ್ಲಿ ಜೀವರಕ್ಷಣೆಗೆ ಅಂದರೆ ನಾಲ್ಕು ಇಂಚಿನ ಆಸುಪಾಸಿನ ಡಬಲ್ ಆಕ್ಷನ್ .44. ಜೊತೆಗೆ ಡಬಲ್ ಆಕ್ಷನ್ ಎಳೆತದಲ್ಲೇ ಅಭ್ಯಾಸ ಮಾಡುವ ಶಪಥ. ಮನೆಯ ರಕ್ಷಣೆಗೆ ಅಂತ ಯಾರಾದರೂ .44 ಕೇಳಿದರೆ ಬೇಡ ಅನ್ನುತ್ತೇನೆ. ಮುಚ್ಚಿದ ಕೋಣೆಯಲ್ಲಿ ಆ ಸದ್ದು, ಆ ಬೆಂಕಿ, ಗೋಡೆ ದಾಟಿ ಹೋಗುವ ಗುಂಡು ಯಾವುದೂ ಬೇಡ. ಸಂಧಿವಾತ ಇರುವ ಹಿರಿಯರಿಗೆ ಹೆಬ್ಬೆರಳು ನೋಯುತ್ತದಾ ತೋರುಬೆರಳು ನೋಯುತ್ತದಾ ಅನ್ನುವುದರ ಮೇಲೆ ಆಯ್ಕೆ. ಎರಡೂ ನೋಯುವುದಾದರೆ .22 ರಿವಾಲ್ವರ್ ನೋಡಿ, ಅದರಲ್ಲಿ ಮಜಾ ಏನೂ ಕಡಿಮೆಯಿಲ್ಲ.

ಹಳೆಯದು ಕೊಳ್ಳುವುದಾದರೆ ಅಂಗಡಿಯಲ್ಲೇ ಇಷ್ಟು ಮಾಡಿ. ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಮಾರುವವರ ಒಪ್ಪಿಗೆ ಕೇಳಿ ಹ್ಯಾಮರನ್ನು ನಿಧಾನವಾಗಿ, ಉಗುರಿನಷ್ಟು ಉಗುರಿನಷ್ಟೇ ಎಳೆಯಿರಿ. ಹ್ಯಾಮರ್ ಪೂರ್ತಿ ಎದ್ದು ನಿಲ್ಲುವಷ್ಟರಲ್ಲಿ ಸಿಲಿಂಡರ್ ಟಕ್ ಅಂತ ಬೀಗ ಬಿದ್ದಿರಬೇಕು. ಬಿದ್ದಿಲ್ಲ, ಬೆರಳಲ್ಲಿ ತಳ್ಳಿದರೆ ಬೀಳುತ್ತದೆ ಅಂದರೆ ಒಳಗಿನ ಕೊಕ್ಕೆ ಸವೆದಿದೆ. ಎಲ್ಲ ಕೋಣೆಗಳಿಗೂ ಹೀಗೇ ನೋಡಿ. ಡಬಲ್ ಆಕ್ಷನ್ ಆಗಿದ್ದರೆ ಟ್ರಿಗರ್ ಎಳೆತದಲ್ಲೂ ಇನ್ನೊಂದು ಸುತ್ತು. ಆಮೇಲೆ ಸಿಲಿಂಡರನ್ನು ಹಿಂದೆ ಮುಂದೆ ಅಲುಗಾಡಿಸಿ. ಕಾಗದದಷ್ಟು ಆಟ ಸರಿ, ಕಣ್ಣಿಗೆ ಕಾಣುವಷ್ಟು ಟಕಟಕ ಅಂದರೆ ಯಾರೋ ಭಾರಿ ತೋಟಾ ಜಾಸ್ತಿ ಹೊಡೆದಿದ್ದಾರೆ, ವಾಪಸ್ ಕೊಟ್ಟುಬಿಡಿ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಒಳಗೆ ಯಾರೋ ಕೈಯಾಡಿಸಿದ್ದಾರೆ ಅಂತ. ಬೆಲೆ ಎಷ್ಟೇ ಇಳಿಸಿದರೂ ಅದು ಬೇಡ.